ಬರಿಗಾಲಿನ ಮೇಲೆ ಹೊರಿಸಿದ ಅಪವಾದ

ದೊಡ್ಡಬೆಳವಂಗಲದ ಒಂದು ಟೀ ಅಂಗಡಿಯಲ್ಲಿ ಕಳೆದ ವಾರ ನಡೆದ ಮಾತುಕತೆಯೇ ಈ ಬರಹಕ್ಕೆ ಕಾರಣ. ಮಗ್ಗದ ಪಾಳಿ ಮುಗಿಸಿ ಬಂದ ನಾಲ್ವರು ಹುಡುಗರು ಮೊಬೈಲಿನಲ್ಲಿ ಯೂರೋಪಿನ ಯಾವುದೋ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ ಹಿರಿಯರೊಬ್ಬರು ಕುಳಿತಿದ್ದರು. ಎಂಬತ್ತು ದಾಟಿದವರು. ಹುಡುಗರ ಉತ್ಸಾಹ ನೋಡಿ, "ನಮ್ಮ ಅಹ್ಮದ್ ಖಾನ್ ಆಟದ ಮುಂದೆ ಇವೆಲ್ಲ ಏನ್ರಪ್ಪಾ" ಎಂದರು. ಹುಡುಗನೊಬ್ಬ ನಕ್ಕು, "ಬಿಡಿ ತಾತ, ನಮ್ಮೋರಿಗೆ ಆವಾಗ ಕಾಲಿಗೆ ಬೂಟೇ ಇರ್ಲಿಲ್ಲ. ಅದಕ್ಕೇ ಅಲ್ವಾ ವರ್ಲ್ಡ್ ಕಪ್ಪಿಗೆ ಬರಬೇಡಿ ಅಂದಿದ್ದು?" ಎಂದ. ಹಿರಿಯರ ಮುಖ ಸಣ್ಣದಾಯಿತು. "ಯಾವನಪ್ಪಾ ನಿಂಗೆ ಹೇಳ್ದೋನು?" ಎಂದಷ್ಟೇ ಕೇಳಿ, ಲೋಟ ಕೆಳಗಿಟ್ಟು ಎದ್ದು ಹೋದರು.

ಹುಡುಗನದು ತಪ್ಪೆಂದು ನಾವು ಹೇಳಲಾರೆವು. ಅವನಿಗೆ ಸಿಕ್ಕಿದ ಕಥೆಯೇ ಅದು. ದೇಶದ ತುಂಬ ಎಪ್ಪತ್ತು ವರ್ಷಗಳಿಂದ ಹರಡಿರುವ ಕಥೆಯೂ ಅದೇ. ಆದರೆ ಕಥೆ ಸುಳ್ಳು. ಸುಳ್ಳೆಂಬುದಷ್ಟೇ ಅಲ್ಲ, ಕುರ್ಚಿಯ ಮೇಲೆ ಕುಳಿತಿದ್ದವರ ತಪ್ಪನ್ನು ಮೈದಾನದಲ್ಲಿ ಓಡಿದವರ ಕಾಲಿನ ಮೇಲೆ ಹೊರಿಸುವ ಸುಳ್ಳು. ಆದುದರಿಂದ ಅದನ್ನು ಬಿಡಿಸಿ ಹೇಳುವುದು ಅಗತ್ಯವಾಗಿದೆ.

ಅಹ್ಮದ್ ಖಾನ್ ಯಾರೆಂದು ಮೊದಲು ಹೇಳಬೇಕು. 1926ರ ಡಿಸೆಂಬರ್ 24ರಂದು ಹುಟ್ಟಿದ ಅವರು ಬೆಂಗಳೂರಿನವರು. 2017ರ ಆಗಸ್ಟ್ 27ರಂದು ಅದೇ ಊರಿನಲ್ಲಿ, ತೊಂಬತ್ತು ತುಂಬಿದ ಮೇಲೆ, ತೀರಿಕೊಂಡರು. ಕ್ರಿಕೆಟ್ಟು ನಮ್ಮ ಬೀದಿಗಳನ್ನು ಇನ್ನೂ ಹಿಡಿಯದಿದ್ದ ಕಾಲದಲ್ಲಿ ಬೆಂಗಳೂರಿನ ದಂಡು ಪ್ರದೇಶದ ಆಟವೆಂದರೆ ಫುಟ್‌ಬಾಲೇ. ಬಿಳಿಯ ಸೈನಿಕರ ಪಡೆಗಳು ಆಡುತ್ತಿದ್ದುದನ್ನು ಬೇಲಿಯಾಚೆ ನಿಂತು ನೋಡಿ ಕಲಿತವರು ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನಿನ ಹುಡುಗರು. ಕಲಿತವರು ಕಲಿಸಿದವರನ್ನೇ ಸೋಲಿಸಿದರು. ಮುಂಬಯಿಯ ರೋವರ್ಸ್ ಕಪ್ ಎಂಬುದು ಬಹುಕಾಲ ಬ್ರಿಟಿಷ್ ರೆಜಿಮೆಂಟುಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮೊದಲು ಇದು ಸಣ್ಣ ಸುದ್ದಿಯಾಗಿರಲಿಲ್ಲ.

ಈ ನೆಲದಿಂದ ಬಂದವರು ಅಹ್ಮದ್ ಖಾನ್. ಚೆಂಡು ಅವರ ಕಾಲಿಗೆ ಸಿಕ್ಕಿತೆಂದರೆ ಎದುರಾಳಿಗೆ ಅದನ್ನು ಬಿಡಿಸಿಕೊಳ್ಳಲಾಗುತ್ತಿರಲಿಲ್ಲ. 'ಹಾವಾಡಿಗ' ಎಂಬ ಹೆಸರು ಅವರಿಗೆ ಬಿದ್ದದ್ದು ಅದಕ್ಕೇ. ಬರಿಗಾಲಿನ ಆಟದ ಗುಟ್ಟನ್ನು ಚೆಂಡು ಒದ್ದ ಯಾರನ್ನು ಕೇಳಿದರೂ ಹೇಳಿಯಾರು. ಅಂದಿನ ಚೆಂಡು ಚರ್ಮದ್ದು. ಒಳಗೆ ಬ್ಲಾಡರು, ಮೇಲೆ ಲಾಡಿ ಕಟ್ಟಿದ ಬಾಯಿ. ಬೂಟಿನ ಒಳಗಿರುವ ಕಾಲಿಗೆ ಚೆಂಡು ಎಲ್ಲಿ ತಾಗಿತೆಂಬುದು ಅಂದಾಜು ಮಾತ್ರ. ಬರಿಗಾಲಿಗೆ ಅದು ಬೆರಳ ತುದಿಯಲ್ಲೇ ತಿಳಿಯುತ್ತದೆ. ನೇಕಾರನ ಬೆರಳು ಕಣ್ಣಿಗಿಂತ ಮೊದಲು ಎಳೆ ಹರಿದದ್ದನ್ನು ತಿಳಿಯುವಂತೆ. ಗಟ್ಟಿಯಾದ ಒಣ ನೆಲದ ಮೇಲೆ ಈ ಕಾಲುಗಳಿಗೆ ಸಾಟಿಯಿರಲಿಲ್ಲ. ಮಳೆ ಬಂತೋ, ಕಥೆ ಬೇರೆ. ಚರ್ಮದ ಚೆಂಡು ನೀರು ಕುಡಿದು ಕಲ್ಲಾಗುತ್ತಿತ್ತು. ಕೆಸರಿನಲ್ಲಿ ಪಾದಕ್ಕೆ ಹಿಡಿತವಿಲ್ಲ. ಎದುರಾಳಿಯ ಬೂಟಿನ ಮೊಳೆ ಬೆರಳಿನ ಮೇಲೆ. ಆಟಗಾರರು ಕಣಕಾಲಿಗೆ ಪಟ್ಟಿ ಬಿಗಿದುಕೊಂಡು ಇಳಿಯುತ್ತಿದ್ದರು.

1948ರ ಜುಲೈ 31. ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಮೈದಾನಕ್ಕಿಳಿದ ದಿನ. ಇಲ್ಫರ್ಡ್ ಎಂಬಲ್ಲಿ ಫ್ರಾನ್ಸಿನೊಂದಿಗೆ ಪಂದ್ಯ. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಆ ತಂಡದಲ್ಲಿ ಬೆಂಗಳೂರಿನವರು ಎಷ್ಟು ಮಂದಿ ಎಂಬುದನ್ನು ಈ ಹುಡುಗರು ಕೇಳಿದರೆ ನಂಬಲಾರರು: ಅಹ್ಮದ್ ಖಾನ್, ರಾಮನ್, ವಜ್ರವೇಲು, ಧನರಾಜ್, ಗೋಲ್‌ಕೀಪರ್ ವರದರಾಜ್. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ನಮಗೆ ಸಿಕ್ಕಿದ ಎರಡು ಪೆನಾಲ್ಟಿಗಳು ಕೈತಪ್ಪಿದವು. ಎಪ್ಪತ್ತನೆಯ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಅದು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಬರಿಗಾಲಿನ ವಿಚಾರ ಕೇಳಿದ ಪತ್ರಕರ್ತರಿಗೆ ನಾಯಕ ತಾಲಿಮೆರೆನ್ ಆವೊ, ನಾವಾಡುವುದು ಫುಟ್‌ಬಾಲ್, ನೀವಾಡುವುದು ಬೂಟ್‌ಬಾಲ್ ಎಂದರೆಂಬುದು ಪ್ರಸಿದ್ಧವಾದ ಮಾತು.

ಇಲ್ಲಿ ನಮ್ಮ ಹಿರಿಯರನ್ನೂ ಸ್ವಲ್ಪ ತಿದ್ದಬೇಕಾಗಿದೆ. ಅವರ ಬಾಯಲ್ಲಿ ನಾವು ಹಲವು ಸಲ ಕೇಳಿರುವಂತೆ ಆ ಗೋಲು ಹೊಡೆದವರು ಅಹ್ಮದ್ ಖಾನರು, ಅದೂ ಆರು ಮಂದಿಯನ್ನು ದಾಟಿಸಿ! ವಾಸ್ತವದಲ್ಲಿ ಅವರು ಅಹ್ಮದ್ ಖಾನರ ಆಟವನ್ನು ಕಣ್ಣಾರೆ ನೋಡಿದವರೇ ಅಲ್ಲ. ಗಿರಣಿಯಲ್ಲೇ ಇದ್ದ ಅವರ ತಂದೆ ರಜೆಯ ಸಂಜೆಗಳಲ್ಲಿ ನೋಡಿ ಬಂದು ಹೇಳಿದ್ದು ಮಗನಿಗೆ ಉಳಿಯಿತು. ಮಗ ಕಣ್ಣಾರೆ ನೋಡಿದ್ದು 1968-69ರಲ್ಲಿ ಬೆಂಗಳೂರಿನಲ್ಲೇ ನಡೆದ ಸಂತೋಷ್ ಟ್ರೋಫಿ. ಮೈಸೂರು ರಾಜ್ಯ ಬಂಗಾಳವನ್ನು ಸತತ ಎರಡನೆಯ ವರ್ಷ ಫೈನಲಿನಲ್ಲಿ ಸೋಲಿಸಿದ ಪಂದ್ಯ. ತಂದೆಯ ನೆನಪೂ ತನ್ನ ನೆನಪೂ ಅವರಲ್ಲಿ ಬೆರೆತುಹೋಗಿವೆ. ಪ್ರೀತಿಯಿಂದ ಬೆರೆತದ್ದು. ಅದರಿಂದ ಯಾರಿಗೂ ನಷ್ಟವಿಲ್ಲ, ರಾಮನ್ನರ ಒಂದು ಗೋಲಿನ ಹೊರತು.

ಲಂಡನ್ನಿನಿಂದ ಬಂದ ಮೇಲೆ ಅಹ್ಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಹ್ಮದ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ. ದಕ್ಷಿಣದಿಂದ ಹೋದ ಈ ಐವರು ಮುಂಚೂಣಿಯಲ್ಲಿ ನಿಂತರು. ಬಂಗಾಳದ ಜನ ಅವರನ್ನು ಪಂಚಪಾಂಡವರೆಂದು ಕರೆದರು. 1949, 1950, 1951 ಮೂರು ವರ್ಷ ಸತತವಾಗಿ ಐ.ಎಫ್.ಎ. ಷೀಲ್ಡ್ ಅವರದಾಯಿತು. ದೇಶ ವಿಭಜನೆಯಿಂದ ಮನೆ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಲಕ್ಷಗಟ್ಟಲೆಯಾಗಿ ಕಲ್ಕತ್ತೆಯಲ್ಲಿ ತುಂಬಿದ್ದ ಕಾಲವದು. ಆ ಜನ ತಮ್ಮದೆಂದು ಎದೆಗೊತ್ತಿಕೊಂಡ ತಂಡದ ಜೀವಾಳ ಬೆಂಗಳೂರಿನ ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಕೇರಳದ ಒಬ್ಬ, ಆಂಧ್ರದ ಒಬ್ಬ ಎಂಬುದನ್ನು ಇಂದಿನ ದಿನಗಳಲ್ಲಿ ಓದುಗರ ಗಮನಕ್ಕೆ ತರದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅಹ್ಮದ್ ಖಾನರಿದ್ದರು.

ಇನ್ನು ಆ 1950ರ ವಿಷಯ. ಬ್ರೆಜಿಲಿನಲ್ಲಿ ವಿಶ್ವ ಕಪ್. ಏಷ್ಯದಿಂದ ಬರಬೇಕಾಗಿದ್ದ ಇತರ ದೇಶಗಳು ಹಿಂದೆ ಸರಿದುದರಿಂದ ಭಾರತಕ್ಕೆ ಆಡದೆಯೇ ಅರ್ಹತೆ ದೊರಕಿತು. ಇಟಲಿ, ಸ್ವೀಡನ್, ಪೆರುಗ್ವೆಗಳ ಗುಂಪಿನಲ್ಲಿ ನಮ್ಮ ಹೆಸರೂ ಸೇರಿತು. ಪ್ರಯಾಣದ ವೆಚ್ಚದ ಬಹುಭಾಗವನ್ನು ತಾವೇ ಕೊಡುವುದಾಗಿ ಬ್ರೆಜಿಲಿನವರು ಹೇಳಿದರು. ಆದರೂ ನಮ್ಮ ಫುಟ್‌ಬಾಲ್ ಫೆಡರೇಷನ್ನಿನ ಮಹನೀಯರು ತಂಡ ಕಳುಹಿಸಲಿಲ್ಲ. ಅಭ್ಯಾಸಕ್ಕೆ ಕಾಲ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ ಎಂದರು. ಅವರ ಕಣ್ಣಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವ ಕಪ್ ಎಂಬುದು ಲೆಕ್ಕಕ್ಕಿರಲಿಲ್ಲ. ಮುಂದೆ ಆ ಕಪ್ಪು ಜಗತ್ತಿನ ದೊಡ್ಡ ಜಾತ್ರೆಯಾದಾಗ, ಹೋಗದೆ ಉಳಿದದ್ದು ಪೆದ್ದುತನವೆಂದು ಎಲ್ಲರಿಗೂ ಕಾಣತೊಡಗಿತು. ಆಗ ಬೂಟಿನ ಕಥೆ ಅನುಕೂಲಕ್ಕೆ ಬಂತು.

ಆ ತಲೆಮಾರಿನ ಆಟಗಾರ ಶೈಲೆನ್ ಮನ್ನಾ ಅವರೇ ಬೂಟಿನ ಕಥೆ ನೆಪ ಮಾತ್ರವೆಂದು ಹೇಳಿದ್ದರು. ಅವರ ಮಾತು ಬೇಡವೆಂದರೆ ಇಸವಿಗಳನ್ನೇ ನೋಡಿ. 1950ರಲ್ಲಿ ಬರಿಗಾಲು ಅಡ್ಡಿಯಾಗಿದ್ದರೆ, ಎರಡು ವರ್ಷದ ಮೇಲೆ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೆ ಅದೇ ಬರಿಗಾಲುಗಳು ಇಳಿದದ್ದು ಹೇಗೆ?

ಹೆಲ್ಸಿಂಕಿಯನ್ನು ನಾವು ಮುಚ್ಚಿಡುವುದಿಲ್ಲ. ಯುಗೋಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಾವು ಹೊಡೆದದ್ದು ಒಂದೇ ಒಂದು, ಅದೂ ಆಟ ಮುಗಿಯಲು ಒಂದು ನಿಮಿಷವಿದ್ದಾಗ. ಹೊಡೆದವರು ಅಹ್ಮದ್ ಖಾನ್. ಚಳಿಯ ನಾಡು, ಆ ಸಲ ಬೆಳ್ಳಿ ಗೆದ್ದ ತಂಡ ಎದುರಿಗೆ, ಬರಿಗಾಲು. ಅಲ್ಲಿ ಬರಿಗಾಲು ಸೋತಿತು, ನಿಜ. ಅದಾದ ಮೇಲೆಯೇ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಮಾಡಿದ ನಾಲ್ಕೇ ವರ್ಷಕ್ಕೆ, 1956ರಲ್ಲಿ, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆಯಿತು. ಮೈಸೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ಬೂಟು ಹಾಕಿಕೊಳ್ಳುವುದು ಕಲಿಯಲಾಗದ ಬ್ರಹ್ಮವಿದ್ಯೆಯಾಗಿರಲಿಲ್ಲ. ಕಲಿಸುವ ಮನಸ್ಸು ಮೇಲಿನವರಿಗೆ 1948ರಲ್ಲೇ ಬಂದಿದ್ದರೆ, 1950ರಲ್ಲಿ ಹಡಗು ಹತ್ತಿಸಿದ್ದರೆ, ಇಪ್ಪತ್ತಮೂರು ವರ್ಷದ ಅಹ್ಮದ್ ಖಾನ್ ಬ್ರೆಜಿಲಿನ ಮೈದಾನದಲ್ಲಿ ಏನು ಮಾಡುತ್ತಿದ್ದರು? ಸೋಲುತ್ತಿದ್ದರೇನೋ. ಸೋಲುವ ಅವಕಾಶವನ್ನೂ ಅವರಿಗೆ ಕೊಡಲಿಲ್ಲ.

ಆ ಕಾಲದ ಆಟಗಾರರು ಲಕ್ಷ ಎಣಿಸಿದವರಲ್ಲ. ಕಾಗದದ ಮೇಲೆ ಅವರೆಲ್ಲ ಹವ್ಯಾಸಿಗಳು. ಅರ್ಜುನ ಪ್ರಶಸ್ತಿ ಆರಂಭವಾದುದೇ 1961ರಲ್ಲಿ. ಆ ವೇಳೆಗೆ ಅಹ್ಮದ್ ಖಾನರು ಈಸ್ಟ್ ಬೆಂಗಾಲನ್ನು ಬಿಟ್ಟಾಗಿತ್ತು. ಅವರ ನಂತರ ಬಂದವರಿಗೆ ಎಚ್.ಎ.ಎಲ್., ಐ.ಟಿ.ಐ.ಗಳಂತಹ ಸರಕಾರಿ ಕಾರ್ಖಾನೆಗಳು ಆಸರೆಯಾದವು. ಸಂಜೆ ಆಟ, ತಿಂಗಳ ಕೊನೆಗೆ ಸಂಬಳ, ಮುಪ್ಪಿಗೆ ಪಿಂಚಣಿ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಆ ಸಂಬಳದ ಚೀಟಿಯ ಮೇಲೆ ಎಂದರೆ ತಪ್ಪಾಗಲಾರದು. ಎಚ್.ಎ.ಎಲ್. ತಂಡ ದೇಶದ ಮೇಲ್ದರ್ಜೆಯ ಲೀಗಿನಿಂದ ಕೆಳಗಿಳಿದದ್ದು 2012ರಲ್ಲಿ. ಮರುವರ್ಷ ದೊಡ್ಡ ಬಂಡವಾಳದ ಬೆಂಗಳೂರು ಎಫ್.ಸಿ. ಹುಟ್ಟಿ, ಮೊದಲ ವರ್ಷವೇ ಆ ಲೀಗನ್ನು ಗೆದ್ದಿತು. ಗೆದ್ದದ್ದಕ್ಕೆ ನಮಗೆ ಸಂತೋಷವೇ. ಆದರೆ ಕಾರ್ಖಾನೆಯ ಗೇಟಿನಿಂದ ಮೈದಾನಕ್ಕೆ ಹೋಗುತ್ತಿದ್ದ ದಾರಿ ಮೊದಲಿನಂತಿಲ್ಲ.

2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದುಕೊಂಡು ಬಂತು. ನಮ್ಮ ಹಿರಿಯರು ಕಣ್ಣಾರೆ ನೋಡಿದ ಆ ಗೆಲುವಿನ ನಂತರ ಐವತ್ತನಾಲ್ಕು ವರ್ಷಕ್ಕೆ ಸಿಕ್ಕಿದ ಗೆಲುವು. ಮರುದಿನ ಟೀ ಅಂಗಡಿಯಲ್ಲಿ ಯಾರಾದರೂ ಮಾತಾಡಿದರೇ ಎಂದು ವಿಚಾರಿಸಿದೆವು. ಹಿರಿಯರೊಬ್ಬರೇ ಮಾತಾಡಿದ್ದರಂತೆ.

ಅಹ್ಮದ್ ಖಾನರ ಬರಿಗಾಲಿನ ಆಟವನ್ನು ಪೂರ್ತಿಯಾಗಿ ತೋರಿಸುವ ಚಲನಚಿತ್ರವನ್ನು ನಾವು ಕಂಡಿಲ್ಲ. ನಾವು ಮೇಷ್ಟರಾಗಿದ್ದಾಗ ಮಕ್ಕಳಿಗೆ ಪಾಠ ಹೇಳಿದ ಪುಸ್ತಕಗಳಲ್ಲಿ 1947 ಇತ್ತು, 1950 ಇತ್ತು, ಇಲ್ಫರ್ಡಿನ ಮೈದಾನ ಇರಲಿಲ್ಲ. ಉಳಿದಿರುವುದು ಹಳಬರ ಬಾಯಿ ಮಾತ್ರ, ಅದೂ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ. 2026ರ ಡಿಸೆಂಬರ್ 24 ಅಹ್ಮದ್ ಖಾನರ ಜನನದ ನೂರನೆಯ ವರ್ಷದ ದಿನ. ಸರಕಾರ ಏನಾದರೂ ಮಾಡೀತೆಂದು ಕಾದು ಕುಳಿತುಕೊಳ್ಳುವುದು ನಮ್ಮ ಪದ್ಧತಿಯಲ್ಲ.

ಬಿನ್ನಿ, ಮಿನರ್ವ ಮುಂತಾದ ಗಿರಣಿಗಳಲ್ಲಿ ದುಡಿದು ಮರಳಿದವರು, ಸೀರೆಯ ಗಂಟು ಹೊತ್ತು ಚಿಕ್ಕಪೇಟೆಗೆ ಹೋಗಿ ಸಂಜೆ ಪಂದ್ಯ ನೋಡಿ ಬರುತ್ತಿದ್ದ ವರ್ತಕರು, ಅವರ ಮಕ್ಕಳು, ಯಾರಿಗೆ ಏನು ನೆನಪಿದೆಯೋ ಅದನ್ನು ಈ ಪತ್ರಿಕೆಗೆ ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಬರೆಯಲಾರದವರು ಭಾನುವಾರ ಬೆಳಿಗ್ಗೆ ಕಚೇರಿಗೆ ಬಂದು ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ. ತಂದೆ ಹೇಳಿದ್ದಾದರೆ ತಂದೆ ಹೇಳಿದ್ದೆಂದೂ, ಕಣ್ಣಾರೆ ಕಂಡದ್ದಾದರೆ ಕಂಡದ್ದೆಂದೂ ಬೇರೆ ಬೇರೆಯಾಗಿ ತಿಳಿಸಬೇಕು. ಟೀ ಅಂಗಡಿಯ ಹಿರಿಯರನ್ನು ಈಗಾಗಲೇ ಕೇಳಿದ್ದೇವೆ. ಬರುತ್ತೇನೆಂದಿದ್ದಾರೆ, ಆ ಹುಡುಗನನ್ನೂ ಕರೆದುಕೊಂಡು.