ಅಗ್ಗವಾದದ್ದು ಯಂತ್ರ, ಕೆಲಸವಲ್ಲ

ಸ್ಟುಡಿಯೊ ಈಗ ಲ್ಯಾಪ್‌ಟಾಪಿನೊಳಗೇ ಇದೆ, ಆದ್ದರಿಂದ ಸ್ವತಂತ್ರ ಸಂಗೀತ ನಿರ್ಮಾಪಕರು ದರ ಇಳಿಸಬೇಕು, ಗ್ರಾಹಕರು ಒಪ್ಪುವವರೆಗೂ ತಿದ್ದಿಕೊಡಬೇಕು ಎಂಬ ವಾದ ಪ್ರಕಟವಾಗಿದೆ. ಅದರ ಮೊದಲರ್ಧ ಅರೆಸತ್ಯ, ಉಳಿದರ್ಧ ಅನ್ಯಾಯ.

2004ರಲ್ಲಿ ಆಪಲ್ ಗ್ಯಾರೇಜ್‌ಬ್ಯಾಂಡ್ ತಂತ್ರಾಂಶ ತಂದ ಮೇಲೆ ಮನೆಯಲ್ಲೇ ಧ್ವನಿಮುದ್ರಣ ಸುಲಭವಾಯಿತು, ನಿಜ. ಆದರೆ ಬೇಸ್ ಗಿಟಾರಿನ ಕೆಳಗೆ ಮುಳುಗಿದ ಮೃದಂಗವನ್ನು ಮೇಲೆತ್ತುವುದು ತಂತ್ರಾಂಶವಲ್ಲ, ಪಳಗಿದ ಕಿವಿ.

ಇಂಥ ಕೆಲಸಕ್ಕೆ ಸಿಗಬೇಕಾದ ಹಣದ ವಿಷಯದಲ್ಲಿ ಅಮೆರಿಕದ ಧ್ವನಿಮುದ್ರಣ ತಂತ್ರಜ್ಞ ಸ್ಟೀವ್ ಆಲ್ಬಿನಿ ಖಡಾಖಂಡಿತವಾಗಿದ್ದರು. 1993ರಲ್ಲಿ ನಿರ್ವಾಣ ರಾಕ್ ತಂಡದ ‘ಇನ್ ಯುಟೆರೊ’ ಆಲ್ಬಮ್ಮಿಗೆ ಅವರು ರಾಯಲ್ಟಿ ಬೇಡವೆಂದು, 1 ಲಕ್ಷ ಡಾಲರಿನ ನಿಗದಿತ ಸಂಭಾವನೆ ಪಡೆದರು. ಕೊಳಾಯಿ ರಿಪೇರಿಯವನಂತೆ ಮಾಡಿದ ಕೆಲಸಕ್ಕೆ ತಕ್ಕ ಹಣ ಸಿಕ್ಕರೆ ಸಾಕು ಎಂಬುದು ಅವರ ನಿಲುವು. ಮುಂದೆ ಹಾಡುಗಳ ಮಿಶ್ರಣ (ಮಿಕ್ಸಿಂಗ್) ಬದಲಿಸುವ ಮಾತು ಬಂದಾಗ ಅವರು ಒಪ್ಪಲಿಲ್ಲ. ಎರಡು ಹಾಡುಗಳನ್ನು ಇನ್ನೊಬ್ಬ ನಿರ್ಮಾಪಕ ಸ್ಕಾಟ್ ಲಿಟ್ ಮತ್ತೆ ಮಿಶ್ರಣ ಮಾಡಿದರು. ಮನಸ್ಸು ಬದಲಾದಾಗ ಹುಟ್ಟಿದ್ದು ಹೊಸ ಕೆಲಸ, ಹಳೆಯದರ ಬಾಲವಲ್ಲ.

ಎರಡು ಸುತ್ತಿನ ತಿದ್ದುಪಡಿ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ಹಣ ಎಂದು ಮೊದಲೇ ಬರೆದುಕೊಡುವುದು ಅಹಂಕಾರವಲ್ಲ. ಮುಂಗಡ ಕೇಳುವುದೂ ಅಲ್ಲ. ಮಾದರಿ ಹಾಡೊಂದನ್ನು ಆರಂಭದಲ್ಲೇ ಕೇಳಿಸಿಕೊಂಡರೆ ‘ಇನ್ನೂ ಸ್ವಲ್ಪ ಜೋಶ್ ಬೇಕು’ ಎಂಬಂಥ ಅಸ್ಪಷ್ಟ ಬೇಡಿಕೆಗಳೂ ಕಡಿಮೆಯಾಗುತ್ತವೆ.

ನಮ್ಮಲ್ಲಂತೂ ಹೀಗೆ ಮೊದಲೇ ಬರೆದುಕೊಳ್ಳುವುದು ಇನ್ನೂ ಮುಖ್ಯ. 2012ರ ಕೃತಿಸ್ವಾಮ್ಯ ತಿದ್ದುಪಡಿ ಸಿನಿಮಾ ಹಾಡಿನ ಸಾಹಿತಿಗೂ ಸಂಯೋಜಕರಿಗೂ ರಾಯಲ್ಟಿಯ ಹಕ್ಕನ್ನು ಭದ್ರಗೊಳಿಸಿತು. ಅದೇ ಹಾಡಿನ ಮಿಶ್ರಣಕಾರರಿಗೆ ಆ ರಕ್ಷಣೆಯಿಲ್ಲ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಅವರ ದುಡಿಮೆಗೆ ಸಿಗುವುದು ಆರಂಭದಲ್ಲಿ ಕುದುರಿಸಿದ ಸಂಭಾವನೆ ಮಾತ್ರ.