ಏಳು ದಿನದ ಪೊರಕೆ



ಈಗ ಕಾಲೇಜುಗಳಲ್ಲಿ ಸೇವೆಯ ಸುಗ್ಗಿ. ನಾವೆಲ್ಲ ಎನ್ನೆಸ್ಸೆಸ್ ಅಂತ ಕರೆಯುವ ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿಯ ವರ್ಷ. ಆಗ 37 ವಿಶ್ವವಿದ್ಯಾಲಯಗಳು, 40 ಸಾವಿರ ವಿದ್ಯಾರ್ಥಿಗಳು. ಈಗ ದೇಶದ ತುಂಬ ಲಕ್ಷಗಟ್ಟಲೆ ಸ್ವಯಂಸೇವಕರು. ವರ್ಷಕ್ಕೆ 120 ಗಂಟೆ ಸೇವೆ, ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. 2020ರ ಶಿಕ್ಷಣ ನೀತಿ ಬಂದ ಮೇಲೆ ಸೇವೆಯೂ ಒಂದು ಪಾಠ. ಜನರ ನಡುವೆ ಕೆಲಸ ಮಾಡಿ ಬಂದರೆ ಕ್ರೆಡಿಟ್ ಕೊಡಿ ಅಂತ ಯುಜಿಸಿಯೇ ಹೇಳಿದೆ.

ಇದು ಕೆಟ್ಟದ್ದು ಅಂತ ನಾವು ಹೇಳ್ತಾ ಇಲ್ಲ. ಪುಸ್ತಕ ಹಿಡಿದ ಕೈ ಮಣ್ಣು ಮುಟ್ಟಲಿ. ಆದರೆ ಒಂದು ಲೆಕ್ಕ ಕೇಳಬೇಕಾಗಿದೆ.

ಶಿಬಿರದವರು ಏಳು ದಿನ ಕೇರಿಯಲ್ಲಿ ಪೊರಕೆ ಹಿಡೀತಾರೆ. ಫೋಟೋ ಆಗುತ್ತೆ, ಭಾಷಣ ಆಗುತ್ತೆ, ಸರ್ಟಿಫಿಕೇಟು ಸಿಗುತ್ತೆ. ಅದೇ ಕೇರಿಯ ಅವ್ವಂದಿರು ವರ್ಷವಿಡೀ ಇಡೀ ಊರಿನ ಕಸ ಗುಡಿಸ್ತಾರೆ. ಅವರ ಗಂಟೆಗಳನ್ನು ಯಾವ ವಿಶ್ವವಿದ್ಯಾಲಯ ಲೆಕ್ಕ ಇಟ್ಟಿದೆ? ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರ ಕಾಯ್ದೆ ಇದೆ. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲೆ ಏರಿತೇ ಹೊರತು ಹೆಣ ಬೀಳುವುದು ನಿಂತಿಲ್ಲ. ಯಾಕೆ ನಿಂತಿಲ್ಲ ಅಂತ ಕೇಳುವ ಪಾಠಕ್ಕೆ ಎಷ್ಟು ಕ್ರೆಡಿಟ್?

ಎನ್ನೆಸ್ಸೆಸ್ಸಿನ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ಆ 'ನೀನು' ಯಾರು? ಯಾವಾಗಲೂ ನಾವೇ. ಕೊಡುವ ಕೈ ಅವರದು, ಚಾಚುವ ಕೈ ನಮ್ಮದು ಅಂತ ಮೊದಲೇ ಬರೆದಿಟ್ಟ ಹಾಗಿದೆ. 1968ರಲ್ಲಿ ಮೆಕ್ಸಿಕೋದಲ್ಲಿ ಇವಾನ್ ಇಲಿಚ್ ಎಂಬ ಪಾದ್ರಿ, ಬಡವರ ಸೇವೆಗೆಂದು ಬಂದಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಖಕ್ಕೇ ಹೇಳಿಬಿಟ್ಟ: ನೋಡೋಕೆ ಬನ್ನಿ, ಕಲಿಯೋಕೆ ಬನ್ನಿ, ಸೇವೆ ಮಾಡೋಕೆ ಮಾತ್ರ ಬರಬೇಡಿ ಅಂತ. ಇದು ಆ ಮಾತಿನ ಸಾರ.

ನಾವು ಅಷ್ಟು ಹೇಳಿ ಕೂರುವ ಹಾಗಿಲ್ಲ. ಯಾಕೆಂದರೆ ಇವತ್ತು ಸ್ವಯಂಸೇವಕರ ಸಾಲಿನಲ್ಲಿ ಹಾಸ್ಟೆಲ್ಲಿನ ನಾವೂ ನಿಂತಿದ್ದೇವೆ. ನಮ್ಮದೇ ಕೇರಿಯಂಥ ಇನ್ನೊಂದು ಕೇರಿಗೆ ನಾವೇ ಟೋಪಿ ಹಾಕಿಕೊಂಡು ಹೋಗ್ತೀವಿ. ಹೋಗಿ ಏನು ಮಾಡ್ತೀವಿ ಅನ್ನೋದೇ ಪ್ರಶ್ನೆ.

ಸೇವೆ ಅನ್ನೋದು ನಮಗೆ ಹೊಸದಲ್ಲ. 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ರೋಗ ತಗುಲಿದ ಮಹಾರರ ಹುಡುಗನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸೆಗೆ ತಂದರು. ಅದೇ ರೋಗ ಹತ್ತಿ ಸತ್ತರು. ಅವರು ದೂರ ನಿಂತು ಕೊಟ್ಟವರಲ್ಲ, ಮುಟ್ಟಿದವರು. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಹಿಂದೆ ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನ ನಡೆದರು. ಅವರು ಕೆರೆಯ ಹೂಳು ಎತ್ತಲಿಲ್ಲ. ಕೆರೆಯ ನೀರು ಕುಡಿದರು. ಶ್ರಮದಾನಕ್ಕೂ ಚಳವಳಿಗೂ ಇರುವ ಅಂತರ ಇಷ್ಟೇ. ಹೂಳು ಎತ್ತಿದರೆ ಊರು ಶಭಾಷ್ ಅನ್ನುತ್ತೆ. ನೀರು ಕುಡಿದರೆ ಕಲ್ಲು ಎಸೆಯುತ್ತೆ. ಮಹಾಡಿನಲ್ಲಿ ಆದದ್ದೂ ಅದೇ.

ಆದ್ದರಿಂದ ಹಾಸ್ಟೆಲ್ಲಿನ ಗೆಳೆಯರಿಗೆ ನಾವು ಹೇಳೋದು: ಎನ್ನೆಸ್ಸೆಸ್ ಬಿಡಬೇಡಿ, ಸೇರಿ. ಸೇರಿ, ಕೆಲಸ ಬದಲಾಯಿಸಿ. ಆ 120 ಗಂಟೆಯನ್ನು ಹೀಗೆ ಖರ್ಚು ಮಾಡೋಣ. ಕೇರಿಯಲ್ಲಿ ಯಾರಿಗೆ ಸರ್ಕಾರ ಜಮೀನು ಮಂಜೂರು ಮಾಡಿತ್ತು, ಅದು ಈಗ ಯಾರ ಕೈಲಿದೆ ಅಂತ ಮನೆಮನೆಗೆ ಹೋಗಿ ಬರೆಯೋಣ. ಅಂಥ ಜಮೀನು ವಾಪಸು ಕೇಳೋಕೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ, ಅರ್ಜಿಗೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳಿದೆ. ನಮ್ಮ ರಾಜ್ಯದ 2013ರ ಉಪಯೋಜನೆ ಕಾಯ್ದೆಯ ಹಣ ಈ ಕೇರಿಗೆ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಹೆಣ ಹೂಳೋಕೆ ಜಾಗ ಇದೆಯಾ? ಹೋಟೆಲ್ಲಿನಲ್ಲಿ ಲೋಟ ಒಂದೇನಾ? ಕ್ಷೌರ ಮಾಡ್ತಾರಾ? ಬರೆದದ್ದನ್ನು ಕೇರಿಯ ಜನರ ಮುಂದೆ ಗಟ್ಟಿಯಾಗಿ ಓದೋಣ, ಆಮೇಲೆ ಅವರ ಜೊತೆ ತಾಲ್ಲೂಕು ಕಚೇರಿಗೆ ನಡೆಯೋಣ.

ಇನ್ನೊಂದು ಮಾತು. ನಮ್ಮ ಗಂಟೆಗಳಿಗೆ ಸಹಿ ಹಾಕೋರು ಮೇಷ್ಟ್ರೊಬ್ಬರೇ ಯಾಕೆ? ಕೇರಿಯ ಅವ್ವನ ಹೆಬ್ಬೆಟ್ಟೂ ಬೀಳಲಿ. ಇವರು ಬಂದು ಹೋದ ಮೇಲೆ ನಮಗೆ ಏನು ಬದಲಾಯ್ತು ಅಂತ ಅವಳು ಹೇಳಲಿ, ಅದಕ್ಕೆ ಮಾರ್ಕು ಕೊಡಲಿ. ಆ ಪರೀಕ್ಷೆಯಲ್ಲಿ ಎಷ್ಟು ಕಾಲೇಜು ಪಾಸಾಗುತ್ತವೆ, ನೋಡೋಣ.

ಕರುಣೆ ಏಳು ದಿನಕ್ಕೆ ಡೇರೆ ಕಿತ್ತುಕೊಂಡು ಹೋಗುತ್ತೆ. ಹಕ್ಕು ಕೇಳೋರು ಎಂಟನೇ ದಿನವೂ ಅಲ್ಲೇ ಇರಬೇಕು.