ಚಾಲನೆ ದೊರೆತರೆ ಸಾಲದು, ಸೇವೆ ನಿಲ್ಲಬಾರದು

ಉಪನೋಂದಣಿ ಕಚೇರಿಯಿಂದ ನ್ಯಾಯಬೆಲೆ ಅಂಗಡಿಯವರೆಗೆ ನಾಗರಿಕರಿಗೆ ಚಿರಪರಿಚಿತವಾದ ಉತ್ತರವೆಂದರೆ ‘ಸರ್ವರ್ ಡೌನ್’. ಯಂತ್ರ ಕೆಟ್ಟಿರಬಹುದು, ಸಂಪರ್ಕ ಕಡಿದಿರಬಹುದು. ಆದರೆ ಇವೆರಡೂ ಅಲ್ಲದ ವಿಚಿತ್ರ ದೋಷವೊಂದಿದೆ. ತಂತ್ರಜ್ಞ ಖುದ್ದಾಗಿ ಚಾಲನೆ ನೀಡಿದಾಗ ಸುಗಮವಾಗಿ ನಡೆಯುವ ಸೇವೆ, ಅದೇ ಆದೇಶವನ್ನು ಸ್ವಯಂಚಾಲಿತ ತಂತ್ರಾಂಶ ನೀಡಿದಾಗ ಆರಂಭವಾಗಿ ಕೆಲವೇ ಕ್ಷಣಗಳಲ್ಲಿ ನಿಂತುಹೋಗುತ್ತದೆ. ತಂತ್ರಾಂಶದ ವರದಿಯಲ್ಲಿ ಮಾತ್ರ ‘ಯಶಸ್ವಿ’ ಎಂದೇ ದಾಖಲಾಗಿರುತ್ತದೆ. ಈ ಸಣ್ಣ ದೋಷದಲ್ಲಿ ನಮ್ಮ ಆಡಳಿತಕ್ಕೆ ದೊಡ್ಡ ಪಾಠವಿದೆ.

ನೂರಾರು ಸರ್ವರ್‌ಗಳನ್ನು ಕೈಯಿಂದ ನಿರ್ವಹಿಸುವುದು ಅಸಾಧ್ಯವಾದ್ದರಿಂದ ಆನ್ಸಿಬಲ್, ಜೆಂಕಿನ್ಸ್‌ನಂತಹ ಸಾಧನಗಳು ಅನಿವಾರ್ಯವಾಗಿವೆ. ಇಂತಹ ಸಾಧನ ದೂರದಿಂದ ಸರ್ವರನ್ನು ಪ್ರವೇಶಿಸಿ, ಆದೇಶ ನೀಡಿ, ನಿರ್ಗಮಿಸುತ್ತದೆ. ಸೇವೆಯು ಆ ಪ್ರವೇಶಾವಧಿಗೇ ಅಂಟಿಕೊಂಡಿದ್ದರೆ ಅದರೊಂದಿಗೇ ಕೊನೆಗೊಳ್ಳಬಹುದು. ಜೆಂಕಿನ್ಸ್ ಅಂತೂ ತನ್ನ ಕಾರ್ಯ ಮುಗಿದೊಡನೆ, ತಾನು ಹುಟ್ಟುಹಾಕಿದ ಪ್ರಕ್ರಿಯೆಗಳು ಉಳಿದಿದ್ದರೆ ಅವನ್ನು ಉದ್ದೇಶಪೂರ್ವಕವಾಗಿಯೇ ನಿಲ್ಲಿಸುತ್ತದೆ. ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ತಂತ್ರಜ್ಞ ಲಾಗಿನ್ ಆದಾಗ ಆತನ ಖಾತೆಯಲ್ಲಿರುವ ಹತ್ತಾರು ಪೂರ್ವಸಿದ್ಧತೆಗಳು, ಅಂದರೆ ಯಾವ ಕಡತ ಎಲ್ಲಿದೆ, ಯಾವ ತಂತ್ರಾಂಶವನ್ನು ಬಳಸಬೇಕು ಎಂಬ ವಿವರಗಳು, ತಾವಾಗಿಯೇ ಜಾರಿಗೆ ಬರುತ್ತವೆ. ಸ್ವಯಂಚಾಲಿತ ಸಾಧನಕ್ಕೆ ಅವು ಅನೇಕ ವೇಳೆ ದೊರೆಯುವುದೇ ಇಲ್ಲ.

ಇಂತಹ ಸಂದರ್ಭದಲ್ಲಿ ಮತ್ತೆ ಮತ್ತೆ ಚಾಲನೆ ನೀಡುವುದು ಪರಿಹಾರವಲ್ಲ. ಸೇವೆ ಯಾವ ಸಂಕೇತ ಬಿಟ್ಟು ನಿಂತಿತು ಎಂಬುದನ್ನು ಮೊದಲು ನೋಡಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 127 ಎಂದರೆ ಆದೇಶವೇ ಸಿಗಲಿಲ್ಲ, 126 ಎಂದರೆ ಅದನ್ನು ನಡೆಸಲು ಆಗಲಿಲ್ಲ, 137 ಎಂದರೆ ಹೊರಗಿನಿಂದ ಬಲವಂತವಾಗಿ ಕೊನೆಗೊಳಿಸಲಾಯಿತು ಎಂದರ್ಥ. ಅನಂತರ ಸಾಧನ ಬಳಸುವ ಖಾತೆಯಿಂದಲೇ, ಅದೇ ಸ್ಥಿತಿಯಲ್ಲಿ ಸೇವೆಯನ್ನು ಪರೀಕ್ಷಿಸಬೇಕು. ಅಂತಿಮವಾಗಿ, ಸೇವೆಯ ಪಾಲನೆಯನ್ನು ಸಿಸ್ಟಮ್‌ಡಿಯಂತಹ ಖಾಯಂ ಮೇಲ್ವಿಚಾರಕನಿಗೆ ಒಪ್ಪಿಸಿ, ಅಗತ್ಯ ವಿವರಗಳೆಲ್ಲವನ್ನೂ ಬರಹದಲ್ಲಿ ನಮೂದಿಸಬೇಕು. ಚಾಲನೆ ನೀಡಿದ ಕೆಲ ನಿಮಿಷಗಳ ಬಳಿಕ ಸೇವೆ ಜೀವಂತವಾಗಿದೆಯೇ ಎಂದು ಸಾಧನವೇ ವಿಚಾರಿಸಿಕೊಳ್ಳಬೇಕು.

ಸ್ವಯಂಚಾಲನೆಯನ್ನು ಕುರುಡಾಗಿ ನಂಬಿದರೆ ಆಗುವ ಅನಾಹುತಕ್ಕೆ ದೊಡ್ಡ ಸಂಸ್ಥೆಗಳೂ ಹೊರತಲ್ಲ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರಗಳಲ್ಲಿ, ವಿಳಾಸ ದಾಖಲೆಗಳನ್ನು ನವೀಕರಿಸುವ ಸ್ವಯಂಚಾಲಿತ ಘಟಕಗಳೆರಡರ ಕೆಲಸ ಪರಸ್ಪರ ತಾಳೆಯಾಗದೆ ‘ಡೈನಮೊ ಡಿಬಿ’ ಎಂಬ ಮುಖ್ಯ ದತ್ತಾಂಶ ಸೇವೆಯ ವಿಳಾಸವೇ ಖಾಲಿಯಾಯಿತು. ಅದನ್ನು ಅವಲಂಬಿಸಿದ್ದ ಅಸಂಖ್ಯ ಸೇವೆಗಳು ವಿಶ್ವದಾದ್ಯಂತ ಅಸ್ತವ್ಯಸ್ತಗೊಂಡವು. ಕೊನೆಗೆ ತಪ್ಪನ್ನು ಸರಿಪಡಿಸಲು ಮನುಷ್ಯರೇ ಕೈಹಾಕಬೇಕಾಯಿತು.

ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ 1945ರಲ್ಲೇ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಸಮಾಜದ ಬಹುಪಾಲು ಉಪಯುಕ್ತ ಜ್ಞಾನ ಸ್ಥಳ ಮತ್ತು ಸಂದರ್ಭಗಳಿಗೆ ಅಂಟಿಕೊಂಡು ವ್ಯಕ್ತಿಗಳಲ್ಲಿ ಚದುರಿಹೋಗಿರುತ್ತದೆ ಎಂದು ವಾದಿಸಿದ್ದರು. ಸರ್ಕಾರಿ ಕಚೇರಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಅನುಭವಿ ಗುಮಾಸ್ತರೊಬ್ಬರು ವರ್ಗವಾದೊಡನೆ ಕಡತಗಳ ಚಲನೆ ಕುಂಟುತ್ತದೆ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಮೇಜು, ಬೀರುಗಳ ಲೆಕ್ಕವಿರುತ್ತದೆಯೇ ಹೊರತು ಆ ತಿಳಿವಳಿಕೆಯ ಲೆಕ್ಕವಿರುವುದಿಲ್ಲ. ಸ್ವಯಂಚಾಲಿತ ಸಾಧನವೂ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯಂತೆಯೇ: ಬರೆದಿಟ್ಟಷ್ಟು ಮಾತ್ರ ಅದಕ್ಕೆ ಗೊತ್ತು.

ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಬಂದು ಎರಡು ದಶಕಗಳು ಸಂದಿವೆ. ಪಡಿತರ, ಪಿಂಚಣಿ, ಆಸ್ತಿ ನೋಂದಣಿಗಳೆಲ್ಲವೂ ಇಂದು ಸರ್ವರ್‌ಗಳನ್ನೇ ಆಶ್ರಯಿಸಿವೆ. ಸೇವೆ ನಿಂತ ದಿನ ಕೂಲಿ ಕಳೆದುಕೊಳ್ಳುವವರು ಸರದಿಯಲ್ಲಿ ನಿಂತವರೇ ಹೊರತು ಗುತ್ತಿಗೆದಾರರಲ್ಲ. ಆದ್ದರಿಂದ ಗುತ್ತಿಗೆ ಕರಾರಿನಲ್ಲಿ ಪಾವತಿಯು ಚಾಲನೆಯ ಪ್ರಮಾಣಪತ್ರವನ್ನಲ್ಲ, ಸೇವೆಯ ನಿರಂತರತೆಯನ್ನು ಆಧರಿಸಿರಬೇಕು. ನಿರ್ವಹಣಾ ಕೈಪಿಡಿ ಇಲಾಖೆಯ ಸ್ವತ್ತಾಗಿರಬೇಕು. ಅದನ್ನು ಬರೆದವರಲ್ಲದ ಬೇರೊಬ್ಬರು ಅದನ್ನೇ ಓದಿಕೊಂಡು ಸೇವೆಯನ್ನು ಮರುಚಾಲನೆಗೊಳಿಸುವ ಪರೀಕ್ಷೆ ನಿಯತವಾಗಿ ನಡೆಯಬೇಕು. ಉದ್ಘಾಟನೆಯ ದಿನ ದೀಪ ಬೆಳಗಿಸುವುದು ಸುಲಭ. ಅದು ಆರದಂತೆ ನೋಡಿಕೊಳ್ಳುವುದೇ ಆಡಳಿತ.